ಮೇಲೆ ನಿಂತವನ ಸಹಿ

ಸಿಂಗಪುರ ಬಿಟ್ಟು ಊರಿಗೆ ಹೋಗುವ ಮುಂಚೆ ಅವರು ನನ್ನಿಂದ ಒಂದೇ ಒಂದು ಸಹಿ ಕೇಳಿದ್ದರು. ನಾನು ಹಾಕಲಿಲ್ಲ. ಆ ಸಹಿ ಇಲ್ಲದೆ ಅವರು ಇನ್ನೊಂದು ಸಲ ಕೆರೆಯಲ್ಲಿ ಮುಳುಗುವಂತಿರಲಿಲ್ಲ. ಹಾಗೆಂದು ನಿಯಮ ಬರೆದವರೂ ಅವರೇ.

ಹೋದ ತಿಂಗಳು ಬೆಡೋಕಿನಲ್ಲಿ, ಅವರ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದು ಬಿಟ್ಟ ವಾಯ್ಡ್ ಡೆಕ್‌ನಲ್ಲಿ, ಕಂಬಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಬೀಳ್ಕೊಡುಗೆ ಮಾಡಿದೆವು. ನಿವೃತ್ತಿಯ ಬಗ್ಗೆ, ಪ್ಲಾಂಟಿನ ಬಗ್ಗೆ ಎಲ್ಲರೂ ಮಾತಾಡಿದರು. ಮೈಕು ನನ್ನ ಕೈಗೆ ಬಂದಾಗ ‘ಅವರು ತುಂಬಾ ಒಳ್ಳೆಯವರು’ ಅಂದು ಕೂತುಬಿಟ್ಟೆ. ಹಿಂದಿನ ಸಾಲಿನಿಂದ ಅವರು, ‘ಇಷ್ಟೇ ಏನ್ರೀ? ಇದನ್ನ ನನ್ನ ಸ್ಕೂಟರ್ ತಗೊಂಡಾವನೂ ಹೇಳಿದ್ದ,’ ಅಂದರು. ಎಲ್ಲರೂ ನಕ್ಕರು. ಅಂದು ಹೇಳಲಾಗದ್ದನ್ನು ಈಗ, ನನಗೆ ನೆನಪಿರುವಷ್ಟು, ನೆನಪಿರುವ ಹಾಗೆಯೇ ಬರೆಯುತ್ತಿದ್ದೇನೆ.

ಅವರು ಜುರಾಂಗ್ ಐಲ್ಯಾಂಡಿನ ನಮ್ಮ ಪೆಟ್ರೋಲಿಯಂ ಪ್ಲಾಂಟಿನಲ್ಲಿ ಸುರಕ್ಷತಾ ಅಧಿಕಾರಿ. ನಾನು ಅಲ್ಲೇ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಎಂಜಿನಿಯರ್. ಅವರ ಊರು ಬಾಗಲಕೋಟೆ ಕಡೆ, ನನ್ನದು ಮೈಸೂರು. ಅವರ ಕೊರಳಲ್ಲಿ ಲಿಂಗ; ಮೀನು ಮಾಂಸ ಇರಲಿ, ಹುಟ್ಟುಹಬ್ಬದ ಕೇಕಿನಲ್ಲಿ ಮೊಟ್ಟೆ ಇಲ್ಲವೆಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಬಾಯಿಗೆ ಇಡುವವರು. ಇಂಥವರು ಎರಡು ವಾರಕ್ಕೊಮ್ಮೆ ಶನಿವಾರ ನೀರಿನೊಳಗೆ ಇಳಿದು ಭರ್ಜಿಯಿಂದ ಮೀನು ಹೊಡೆಯುತ್ತಾರೆ ಅಂತ ಯಾರೋ ಹೇಳಿದಾಗ ನಾನು ನಂಬಲಿಲ್ಲ. ಕಂಪನಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಾಗ ಕೇಳಿಯೇಬಿಟ್ಟೆ.

‘ಸಾರ್, ನೀವು ಮೀನು ಹೊಡೀತೀರಂತೆ?’

‘ಹೊಡೀತೀನಿ.’

‘ಆದ್ರೆ ನೀವು ತಿನ್ನಲ್ವಲ್ಲ?’

‘ನೀವು ಸೊಳ್ಳಿ ಹೊಡೀತೀರಿ. ತಿಂತೀರೇನು?’

ಅಲ್ಲಿಗೆ ಮಾತು ಮುಗಿಯಿತು ಅಂದುಕೊಂಡೆ. ಬಸ್ಸು ಸೇತುವೆ ದಾಟಿ ಗೇಟಿನ ಹತ್ತಿರ ನಿಂತಾಗ ಅವರು ಕಿಟಕಿಯ ಹೊರಗೆ ನೋಡುತ್ತಲೇ, ‘ಬರ್ತೀರೇನು?’ ಅಂದರು.

ಸಿಂಗಪುರದ ಜಲಾಶಯಗಳಲ್ಲಿ ಭರ್ಜಿ ಹಿಡಿದು ಇಳಿಯುವಂತಿಲ್ಲ. ಅವರ ಕೆರೆ ಇದ್ದದ್ದು ಕಾಸ್‌ವೇ ಸೇತುವೆ ದಾಟಿ ಮಲೇಶಿಯಾದ ಜೊಹೊರ್‌ನಲ್ಲಿ, ಗಡಿಯಿಂದ ಒಂದೂವರೆ ಗಂಟೆಯ ದಾರಿ. ಹಿಂದೆ ಯಾವಾಗಲೋ ತವರದ ಅದಿರು ತೆಗೆದು ಬಿಟ್ಟ ಗುಂಡಿ, ನೀರು ತುಂಬಿ ಕೆರೆಯಾಗಿತ್ತು. ಅದರ ಯಜಮಾನರು ಒಬ್ಬ ಮಲಯ್ ಮುದುಕರು. ಎಲ್ಲರೂ ಅವರನ್ನು ಪಾಕ್ಚಿಕ್, ಅಂದರೆ ಚಿಕ್ಕಪ್ಪ, ಅನ್ನುತ್ತಿದ್ದರು. ಸಾಕಿದ ಮೀನುಗಳ ಜೊತೆಗೆ ಆ ಕೆರೆಗೆ ಸಕ್ಕರ್ ಮೀನು ಸೇರಿಕೊಂಡಿತ್ತು. ಮನೆಯ ಅಕ್ವೇರಿಯಮ್ಮಿನ ಗಾಜು ನೆಕ್ಕಿ ಚೊಕ್ಕಟ ಮಾಡುವ ಬೆರಳುದ್ದದ ಮೀನು, ಯಾರೋ ತಂದು ಬಿಟ್ಟದ್ದು, ಕೆರೆಯಲ್ಲಿ ಮೊಳಕೈ ಉದ್ದ ಬೆಳೆದಿತ್ತು. ಅದನ್ನು ಕೊಳ್ಳುವವರಿಲ್ಲ, ಅದು ಗಾಳಕ್ಕೆ ಬೀಳುವುದಿಲ್ಲ. ಏರಿಯ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಉತ್ತರದ ಏರಿ ಹೀಗೆ ತೂತಾಗಿ ಪಾಕ್ಚಿಕ್‌ನ ಬದನೆ ಮಡಿಗಳಿಗೆ ನೀರು ಜಿನುಗುತ್ತಿತ್ತು. ಅದನ್ನೂ ಮಿತಿಮೀರಿದ ತಿಲಾಪಿಯಾ ಮೀನನ್ನೂ ಕಡಿಮೆ ಮಾಡಲು ಮೀನುಗಾರಿಕೆ ಕಚೇರಿಯಿಂದ ಪಾಕ್ಚಿಕ್ ಲಿಖಿತ ಪರವಾನಗಿ ತಂದಿದ್ದರು. ಅದರ ಪ್ರತಿ ಇವರ ಬ್ಯಾಗಿನಲ್ಲಿ ಸದಾ ಇರುತ್ತಿತ್ತು. ಭರ್ಜಿಗಳು ಪಾಕ್ಚಿಕ್‌ನ ಕೊಟ್ಟಿಗೆಯಲ್ಲೇ ಇರುತ್ತಿದ್ದವು, ಗಡಿ ದಾಟುತ್ತಿರಲಿಲ್ಲ.

ಪೆಟ್ರೋಲಿಯಂ ಟ್ಯಾಂಕುಗಳ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ನಿದ್ದೆಗೆಡುತ್ತಿದ್ದವರು ಅವರು. ಏರಿಯ ಬಿಲಗಳನ್ನು ಮೊದಲ ಸಲ ತೋರಿಸುವಾಗ ಅವರ ಮುಖ ನೋಡಬೇಕಿತ್ತು. ‘ನೋಡ್ರಿ, ನೋಡ್ರಿ ಹೆಂಗ ಮಾಡ್ಯಾವ. ಒಂದಕ್ಕೂ ಪರ್ಮಿಟ್ ಇಲ್ಲ!’

ಪರ್ಮಿಟ್ ಅನ್ನುವುದು ಅವರಿಗೆ ತಮಾಷೆಯಾಗಿರಲಿಲ್ಲ. ಪ್ಲಾಂಟಿನಲ್ಲಿ ಖಾಲಿ ಟ್ಯಾಂಕಿನೊಳಗೆ ಯಾರಾದರೂ ಇಳಿಯಬೇಕಾದರೆ ಚೀಟಿ ಬರೆಯಬೇಕು. ಇಳಿಯುವವನು ಯಾರು, ಬಾಯಿಯ ಹತ್ತಿರ ಕಾವಲು ನಿಲ್ಲುವವನು ಯಾರು. ಒಳಗೆ ಜನ ಇರುವತನಕ ಕಾವಲಿನವನು ಅತ್ತಿತ್ತ ಹೋಗುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಇದೇ ಪದ್ಧತಿಯನ್ನು ಅವರು ಯಥಾವತ್ತಾಗಿ ಕೆರೆಗೆ ತಂದಿದ್ದರು. ಬರೆದು ಅಳಿಸಲು ಬರುವ ಹಾಗೆ ಪ್ಲಾಸ್ಟಿಕ್ ಹಾಕಿಸಿದ ಒಂದು ಕಾರ್ಡು. ಅದರಲ್ಲಿ ಎರಡು ಕಾಲಮ್ಮು: ಕೆಳಗಿನವನು, ಮೇಲಿನವನು. ಇಬ್ಬರೂ ಒಟ್ಟಿಗೆ ಮುಳುಗುವಂತಿಲ್ಲ. ಕೆಳಗಿನವನು ಮೇಲೆ ಬಂದ ನಂತರವೂ ಮೇಲಿನವನು ಅರ್ಧ ನಿಮಿಷ ಅವನ ಮುಖ ಬಿಟ್ಟು ಬೇರೇನೂ ನೋಡುವಂತಿಲ್ಲ. ಉಸಿರು ಹಿಡಿದು ಮುಳುಗಿದವರು ನೀರಿನೊಳಗೆ ಇದ್ದಾಗಿಗಿಂತ ಹೆಚ್ಚಾಗಿ ಮೇಲೆ ಬಂದು ಒಂದೆರಡು ಉಸಿರು ಎಳೆದುಕೊಂಡ ಮೇಲೆ ಎಚ್ಚರ ತಪ್ಪುತ್ತಾರಂತೆ. ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರ: ಒಮ್ಮೆ ಎಚ್ಚರ ತಪ್ಪಿದವನು ಮತ್ತೆ ಇಳಿಯಬೇಕಾದರೆ, ಆ ದಿನ ಮೇಲಿದ್ದವನ ಸಹಿ ಬೇಕು.

‘ಡಾಕ್ಟರ್ ಸಹಿ ಸಾಲ್ದಾ ಸಾರ್?’ ಅಂತ ನಾನು ಕೇಳಿದ್ದೆ.

‘ಡಾಕ್ಟರ್ ಅಲ್ಲಿ ಇರಂಗಿಲ್ಲಲ್ರೀ. ನೋಡಿದಾವ ಹೇಳಬೇಕು.’

ಮೇಲೆ ಬಂದವನನ್ನು ‘ಓಕೆನಾ?’ ಅಂತ ಕೇಳುವುದನ್ನು ಅವರು ನಿಷೇಧಿಸಿದ್ದರು. ‘ಓಕೆ ಅನ್ನಾಕ ಮಿದುಳು ಬೇಕಾಗಿಲ್ಲ. ಬಾಯಿ ತಾನ ಹೇಳ್ತದ.’ ಅದಕ್ಕೆ ಅವರ ಪ್ರಶ್ನೆ ಬೇರೆ: ಬೆಳಿಗ್ಗೆ ಏನು ತಿಂದ್ರಿ? ಸರಿಯಾದ ಉತ್ತರ ಬಂದರೆ ತಲೆ ಜಾಗದಲ್ಲಿದೆ ಎಂದರ್ಥ. ಹಾಗಾಗಿ ಕೆರೆಗೆ ಹೋಗುವ ದಿನ ಇಬ್ಬರೂ ಒಂದೇ ಅಂಗಡಿಯಲ್ಲಿ, ಒಬ್ಬರ ತಟ್ಟೆ ಒಬ್ಬರು ನೋಡಿಕೊಂಡು ತಿನ್ನಬೇಕಿತ್ತು.

ಅಭ್ಯಾಸವೆಲ್ಲ ಸಿಂಗಪುರದಲ್ಲೇ ಆಯಿತು. ಬಿಶಾನಿನ ಈಜುಕೊಳದಲ್ಲಿ ಈಜು, ಅವರ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ ಚಾಪೆ ಹಾಸಿ ಉಸಿರು ಹಿಡಿಯುವುದು. ಒಂದು ಸಂಜೆ ಅವರು ಕಣ್ಣು ಮುಚ್ಚಿ ಅಂಗಾತ ಮಲಗಿದ್ದರು, ನಾನು ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ಎರಡು ನಿಮಿಷ ಹತ್ತು ಸೆಕೆಂಡು ಆಗಿತ್ತು. ತರಕಾರಿ ತುಂಬಿದ ಕೈಗಾಡಿ ಎಳೆದುಕೊಂಡು ಬಂದ ಚೀನೀ ಆಂಟಿಯೊಬ್ಬರು ನಿಂತು ಅವರನ್ನು ನೋಡಿದರು, ನನ್ನನ್ನು ನೋಡಿದರು.

‘ಐಯೋ, ನೀನು ಸುಮ್ನೆ ಟೈಮ್ ನೋಡ್ತೀಯಾ? ಕಾಲ್ ಆಂಬ್ಯುಲೆನ್ಸ್ ಲಾ!’

ನಾನು ವಿವರಿಸಲು ಹೊರಟೆ. ಆಂಟಿ ಫೋನ್ ತೆಗೆದಾಗಿತ್ತು. ಅವರು ಕಣ್ಣು ತೆರೆದು, ಉಸಿರು ಎಳೆದು, ಆಂಟಿಯ ಕಡೆ ತಿರುಗಿ, ಮಲಗಿಕೊಂಡೇ ಕೈ ಮುಗಿದರು. ಆಂಟಿ ಒಂದು ಹೆಜ್ಜೆ ಹಿಂದೆ ಹಾರಿದರು. ಆಮೇಲಿನಿಂದ ಆಂಟಿ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ‘ಅಂಕಲ್, ಇವತ್ತು ಸಾಯಲ್ವಾ?’ ಅಂತ ಕೇಳುತ್ತಿದ್ದರಂತೆ. ‘ಇವತ್ತ ಪುರಸೊತ್ತಿಲ್ಲ’ ಅನ್ನುವುದು ಇವರ ಉತ್ತರ.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಅಕ್ಕನ ಚಿಂತೆ ಬೇರೆ. ಹೊಡೆದ ತಿಲಾಪಿಯಾ ಪಾಕ್ಚಿಕ್‌ನ ಅಡುಗೆಮನೆಗೆ, ಸಕ್ಕರ್ ಮೀನು ಬದನೆ ಮಡಿಯ ಗೊಬ್ಬರಕ್ಕೆ ಹೋಗುತ್ತಿತ್ತು. ಪಾಕ್ಚಿಕ್ ಪ್ರತಿಸಲ ಒಂದು ಚೀಲ ಬದನೆಕಾಯಿ ಕೊಡುತ್ತಿದ್ದರು. ಒಂದು ದಿನ ಎಣಗಾಯಿ ಬಡಿಸುತ್ತಾ ಅಕ್ಕ ನಿಲ್ಲಿಸಿ, ‘ಅಲ್ರೀ, ಈ ಬದನಿಕಾಯಿ ಮೀನು ತಿಂದದ. ಇದನ್ನ ನಾವು ತಿಂದ್ರ?’ ಅಂದರು.

ಅವರು ತುತ್ತು ಕೈಯಲ್ಲಿ ಹಿಡಿದು ಗಂಭೀರವಾಗಿ ಯೋಚಿಸಿದರು. ‘ಬದನಿಕಾಯಿ ತಪ್ಪು ಅದು. ಅದರ ಲೆಕ್ಕ ಅದು ಕೊಡತದ. ರೊಟ್ಟಿ ಹಾಕು.’

ಹೊಡೆಯುವುದರಲ್ಲಿ ಮಾತ್ರ ಅವರಿಗೆ ನಗು ಇರಲಿಲ್ಲ. ರಬ್ಬರ್ ಪಟ್ಟಿಯ ಕೈಭರ್ಜಿ. ಎರಡು ಅಡಿಗಿಂತ ದೂರದಿಂದ ಬಿಡುತ್ತಿರಲಿಲ್ಲ. ಸಕ್ಕರ್ ಮೀನಿನ ಬೆನ್ನು ಹೆಂಚಿನಂತೆ ಗಟ್ಟಿ, ಕಣ್ಣಿನ ಹಿಂದೆ ಒಂದು ಬೊಟ್ಟಿನಷ್ಟು ಜಾಗದಲ್ಲಿ ಮಾತ್ರ ಮೊನೆ ಇಳಿಯುತ್ತದೆ. ಮೇಲೆ ತಂದ ತಕ್ಷಣ ಚಾಕುವಿನಿಂದ ಅದರ ಜೀವ ತೆಗೆಯುತ್ತಿದ್ದರು, ಒಂದು ಕ್ಷಣವೂ ಒದ್ದಾಡಲು ಬಿಡುತ್ತಿರಲಿಲ್ಲ. ಆಮೇಲೆ ರಬ್ಬರ್ ಅಂಗಿಯ ಮೇಲಿಂದಲೇ ಎದೆಯಲ್ಲಿ ಲಿಂಗ ಇರುವ ಜಾಗ ಮುಟ್ಟಿಕೊಳ್ಳುತ್ತಿದ್ದರು. ಕ್ಷಮೆ ಕೇಳುತ್ತೀರಾ ಅಂತ ನಾನು ಕೇಳಲಿಲ್ಲ. ಕೇಳಬಾರದ ಪ್ರಶ್ನೆ ಅನ್ನಿಸಿತು.

ಆ ಶನಿವಾರದ ಬಗ್ಗೆ ಈಗ ಬರೆಯಬೇಕು.

ಗಡಿ ದಾಟಿದ ಮೇಲೆ ಸಿಗುವ ಅಂಗಡಿಯಲ್ಲಿ ಇಬ್ಬರೂ ತಲಾ ಎರಡು ಪರೋಟ, ಬೇಳೆ ಸಾರು ತಿಂದೆವು. ಅವರು ಚಹಾಕ್ಕೆ ಸಕ್ಕರೆ ಬೇಡವೆಂದರು. ಒಂಬತ್ತೂವರೆಗೆ ನೀರಿನಲ್ಲಿದ್ದೆವು. ಬಿಸಿಲಿತ್ತು, ನೀರು ಹಸಿರು, ಕೆಳಗೆ ಸುಮಾರು ಮೂರು ಮೀಟರ್‌ವರೆಗೆ ಕಾಣುತ್ತಿತ್ತು. ಅವರು ಕೆಳಗಿನವರು, ನಾನು ಮೇಲಿನವನು. ಉತ್ತರದ ಏರಿಯ ಬುಡದಲ್ಲಿ ಕೆಲಸ. ಅವರು ಆರು ಸಲ ಇಳಿದು ಐದು ಮೀನು ತಂದರು. ಏಳನೆಯ ಸಲ ಒಂದು ದೊಡ್ಡ ಮೀನು ಬಿಲದೊಳಗೆ ಮುಳ್ಳು ಅಗಲಿಸಿ ಕೂತುಬಿಟ್ಟಿತು, ಭರ್ಜಿ ಬಿಡಿಸಲು ಅವರು ಎಳೆದಾಡಿದ್ದು ಭರ್ಜಿಗೆ ಕಟ್ಟಿದ ಹಗ್ಗದಲ್ಲಿ ನನ್ನ ಕೈಗೆ ಗೊತ್ತಾಯಿತು. ಒಂದು ನಿಮಿಷ ಐವತ್ತೆರಡು ಸೆಕೆಂಡಿಗೆ ಮೇಲೆ ಬಂದರು. ನಾವು ನೀರಿನ ಮೇಲೆ ಬಿಟ್ಟಿದ್ದ ತೇಲುಬುರುಡೆ ಹಿಡಿದರು. ಎರಡು ಉಸಿರು ಎಳೆದರು. ಮುಖದ ಬಣ್ಣ ಚೆನ್ನಾಗಿತ್ತು.

‘ಬೆಳಿಗ್ಗೆ ಏನು ತಿಂದ್ರಿ ಸಾರ್?’

ಅವರು ನನ್ನ ಕಡೆ ನೋಡಿ ಮುಗುಳ್ನಕ್ಕು, ‘ಉಪ್ಪಿಟ್ಟು,’ ಅಂದರು.

ಅವರಿಗೆ ಉಪ್ಪಿಟ್ಟು ಕಂಡರೆ ಆಗುವುದಿಲ್ಲ. ಇಡೀ ಪ್ಲಾಂಟಿನ ಕನ್ನಡಿಗರಿಗೆ ಅದು ಗೊತ್ತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನಕ್ಕೆ.

ಅವರ ಮುಗುಳ್ನಗೆ ಹೋಗಲಿಲ್ಲ. ತುಟಿ ಹಾಗೇ ಇತ್ತು, ಕಣ್ಣು ಮಾತ್ರ ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಿತ್ತು. ತೇಲುಬುರುಡೆಯ ಮೇಲಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಗದ್ದ ನೀರಿಗೆ ತಾಗಿತು. ಆಗ ಹಿಡಿದುಕೊಂಡೆ. ಒಂದು ಕೈ ಗದ್ದದ ಕೆಳಗೆ, ಇನ್ನೊಂದು ತಲೆಯ ಹಿಂದೆ. ಮುಳುಗುವ ಗಾಜಿನ ಮುಖವಾಡ ಕಿತ್ತೆ. ಅವರೇ ಕಲಿಸಿದಂತೆ ಕೆನ್ನೆಗೆ ಜೋರಾಗಿ ಊದಿದೆ, ತಟ್ಟಿದೆ, ‘ಉಸಿರಾಡಿ, ಉಸಿರಾಡಿ’ ಅಂದೆ. ಸಾರ್ ಅನ್ನಲಿಲ್ಲ, ಹೆಸರು ಹಿಡಿದು ಕರೆದೆ. ಏಳರವರೆಗೆ ಎಣಿಸಿದ್ದು ನೆನಪಿದೆ. ಗೊರಕೆಯಂಥ ಒಂದು ಸದ್ದಿನೊಂದಿಗೆ ಉಸಿರು ಬಂತು. ಏರಿಯ ಮೇಲಿಂದ ಪಾಕ್ಚಿಕ್ ಬಟ್ಟೆ ಸಮೇತ ನೀರಿಗೆ ಇಳಿದು ಬಂದಿದ್ದರು.

ದಡದಲ್ಲಿ ಕೂರಿಸಿದಾಗ ಅವರು ಮೊದಲು ಕೇಳಿದ್ದು, ‘ಹೆಸರು ಹಿಡಿದು ಕರೆದಾವ ಯಾರು?’ ಎರಡನೆಯದು, ‘ನಾ ಏನಂದೆ?’

‘ಉಪ್ಪಿಟ್ಟು ಅಂದ್ರಿ.’

‘ಛೇ,’ ಅಂದರು. ‘ಸಾಯೂ ಹೊತ್ತಿನಾಗ ಉಪ್ಪಿಟ್ಟು?’

ಪಾಕ್ಚಿಕ್‌ಗೆ ಕನ್ನಡ ತಿಳಿಯದು. ಆದರೂ ನಮ್ಮಿಬ್ಬರ ಮುಖ ನೋಡಿ ನಕ್ಕರು. ಆಮೇಲೆ ಅಳುತ್ತಿದ್ದವನು ನಾನೊಬ್ಬನೇ.

ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬೆಡೋಕಿಗೆ ಬಂದಾಗ ಸಂಜೆ. ಅವರು ಅಕ್ಕನಿಗೆ ಏನನ್ನೂ ಮುಚ್ಚಿಡಲಿಲ್ಲ. ಅಕ್ಕ ಪೂರ್ತಿ ಕೇಳಿದರು. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ‘ಇಪ್ಪತ್ತೊಂಬತ್ತು ವರ್ಷ ನಾ ಮಾಡಿದ ಉಪ್ಪಿಟ್ಟಿಗೆ ಮೂಗು ಮುರದೀರಿ. ಇನ್ನ ಮ್ಯಾಲೆ ದಿನಾ ಅದ’ ಅಂದರು. ಒಂದು ವಾರ ಹಾಗೇ ಮಾಡಿದರು. ಅವರು ಒಂದು ವಾರ ಹಾಗೇ ತಿಂದರು.

ಸೋಮವಾರ ಅವರು ನನ್ನಿಂದ ವರದಿ ಬರೆಸಿಕೊಂಡರು, ಪ್ಲಾಂಟಿನಲ್ಲಿ ಬರೆಯುವ ಮಾದರಿಯಲ್ಲೇ. ಸಮಯ, ಆಳ, ಉತ್ತರ ತಪ್ಪಿತ್ತು, ಕ್ರಮ ತೆಗೆದುಕೊಂಡೆ. ಅವರು ಓದಿ, ‘ಚಂದ ಬರದೀರಿ’ ಅಂದು ಫೈಲಿಗೆ ಹಾಕಿದರು. ನಾನು ನಕ್ಕದ್ದನ್ನು ಅದರಲ್ಲಿ ಬರೆದಿರಲಿಲ್ಲ.

ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಗಟ್ಟಿಯಾಗಿದ್ದೀರಿ ಅಂದರು. ನಿವೃತ್ತಿಗೆ ಆರು ವಾರ ಉಳಿದಿತ್ತು. ಏರಿಯ ಬುಡದಲ್ಲಿ ಹತ್ತು ಅಡಿಯಷ್ಟು ಜಾಗ ಬಾಕಿ ಇತ್ತು, ಮಳೆ ಜೋರಾಗುವ ಮುಂಚೆ ಅಲ್ಲಿಯ ಬಿಲಗಳು ಖಾಲಿಯಾದರೆ ಮಣ್ಣು ತುಂಬಿಸಬಹುದಿತ್ತು. ಅದನ್ನು ತಾವೇ ಮುಗಿಸಿ ಹೋಗಬೇಕೆಂದು ಅವರಿಗೆ ಎಷ್ಟು ಆಸೆ ಇತ್ತೆಂಬುದು ಅವರು ಕೇಳದೇ ಇದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಶೇಂಗಾ ಚಟ್ನಿಯ ಡಬ್ಬಿ ಕೊಟ್ಟರು. ಮಾರನೆಯ ದಿನ ಗಿರ್ಮಿಟ್ಟು. ಮೂರನೆಯ ದಿನ ಕಾರ್ಡನ್ನೂ ಪೆನ್ನನ್ನೂ ನನ್ನ ತೊಡೆಯ ಮೇಲಿಟ್ಟು ಕಿಟಕಿಯ ಹೊರಗೆ ನೋಡತೊಡಗಿದರು.

‘ಒಂದು ಸಲ. ಆಮ್ಯಾಲ ಊರು.’

‘ಆಗಲ್ಲ ಸಾರ್.’

‘ಡಾಕ್ಟರ್ ಏನಂದ್ರು, ಕೇಳಿದ್ರಲ್ಲ?’

‘ನಿಮ್ಮ ಮೇಲೆ ಅನುಮಾನ ಇಲ್ಲ ಸಾರ್, ನನ್ನ ಮೇಲೆ.’ ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ತಡೆಯಲಾಗಲಿಲ್ಲ. ‘ನೀವು ಉಪ್ಪಿಟ್ಟು ಅಂದಾಗ ನಾನು ನಕ್ಕೆ. ಜೋಕ್ ಅಂದ್ಕೊಂಡೆ. ಎರಡು ಸೆಕೆಂಡ್ ಇರಬಹುದು. ಮೂರೂ ಇರಬಹುದು. ನಿಮ್ಮ ಗದ್ದ ನೀರಿಗೆ ತಾಗೋ ತನಕ ನಾನು ನಗ್ತಾ ಇದ್ದೆ.’

ಅವರು ತಿರುಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

‘ವರದಿಯೊಳಗ ಇದು ಎಲ್ಲೈತಿ?’

ಅವರು ಕಾರ್ಡು, ಪೆನ್ನು ಎತ್ತಿಕೊಂಡು ಮುಂದಿನ ಸೀಟಿಗೆ ಹೋದರು. ನಾಲ್ಕು ದಿನ ಅಲ್ಲೇ ಕೂತರು. ನಾಲ್ಕು ದಿನ ಅವರ ತಲೆಯ ಹಿಂಭಾಗ ನೋಡಿಕೊಂಡು ಜುರಾಂಗ್ ಐಲ್ಯಾಂಡಿಗೆ ಹೋಗಿ ಬಂದೆ. ಅವರು ಕೋಪದಲ್ಲಿ ಅಷ್ಟು ದಿನ ಇರಬಲ್ಲರೆಂದು ನನಗೆ ಗೊತ್ತಿರಲಿಲ್ಲ.

ಐದನೆಯ ದಿನ ಪಕ್ಕಕ್ಕೆ ಬಂದು ಕೂತರು. ವರದಿಯ ಹಾಳೆ ಕೊಟ್ಟರು. ‘ಬರೀರಿ.’ ಬಸ್ಸಿನ ಕುಲುಕಾಟದಲ್ಲಿ ಬರೆದೆ: ತಪ್ಪು ಉತ್ತರವನ್ನು ತಮಾಷೆ ಎಂದು ತಿಳಿದು ನಕ್ಕೆ, ಎರಡರಿಂದ ಮೂರು ಸೆಕೆಂಡು. ಅವರು ಓದಿ, ಕೆಳಗೆ ತಮ್ಮ ಕೈಯಲ್ಲಿ ಇನ್ನೊಂದು ಸಾಲು ಸೇರಿಸಿದರು: ಕೆಳಗಿನವನು ಸದಾ ತಮಾಷೆ ಮಾಡುವ ಮನುಷ್ಯ, ಇದೂ ಒಂದು ಕಾರಣ.

‘ಈಗ ಸಹಿ ಕೇಳ್ತೀರಾ ಸಾರ್?’ ಅಂದೆ.

‘ಹಾಕ್ತೀರೇನು?’

‘ಇಲ್ಲ.’

‘ಮತ್ತ ಯಾಕ ಕೇಳಲಿ?’ ಅಂದು ಚಟ್ನಿ ಡಬ್ಬಿ ಖಾಲಿಯಾಗಿದ್ದರೆ ವಾಪಸು ಕೊಡಲು ಹೇಳಿದರು.

ಅವರು ಹೊರಡುವ ಮುಂಚಿನ ಕೊನೆಯ ಶನಿವಾರ ಇಬ್ಬರೂ ಕೆರೆಗೆ ಹೋದೆವು. ಕೊಟ್ಟಿಗೆಯಿಂದ ಭರ್ಜಿ ತೆಗೆದು ಅವರು ಅದರ ಮೊನೆಯನ್ನು ಒಂದು ಸಲ ಹೆಬ್ಬೆರಳಿನಿಂದ ನೋಡಿದರು. ಹಿಡಿಯನ್ನು ನನ್ನ ಕಡೆ ತಿರುಗಿಸಿ ಕೊಟ್ಟರು. ಕಾರ್ಡಿನಲ್ಲಿ ಕೆಳಗಿನವನು ಅನ್ನುವ ಕಡೆ ನನ್ನ ಹೆಸರು ಬರೆದರು, ಮೇಲಿನವನು ಅನ್ನುವ ಕಡೆ ತಮ್ಮದು. ಅವರು ಇಷ್ಟು ನಿಧಾನವಾಗಿ ತಮ್ಮ ಹೆಸರು ಬರೆದದ್ದನ್ನು ನಾನು ನೋಡಿರಲಿಲ್ಲ.

ಮೊದಲ ಮುಳುಗಿನಲ್ಲಿ ನಾನು ಏನೂ ಹೊಡೆಯಲಿಲ್ಲ. ಏರಿಯ ಬುಡಕ್ಕೆ ಹೋಗಿ ಬಿಲದೊಳಗೆ ಇಣುಕಿದೆ, ಕಪ್ಪು ಬಾಲವೊಂದು ಸರಿದದ್ದು ಕಂಡಿತು, ಹೆದರಿ ಹಿಂದೆ ಸರಿದೆ. ತಲೆ ಎತ್ತಿದೆ. ಹಸಿರು ನೀರಿನ ಮೇಲ್ಗಡೆ, ಬೆಳಕಿನಲ್ಲಿ, ಕೈಕಾಲು ಚೆಲ್ಲಿ ಬೋರಲಾಗಿ ಅವರು ತೇಲುತ್ತಿದ್ದರು. ಮುಖವಾಡದ ಗಾಜು ನೇರ ನನ್ನ ಮೇಲಿತ್ತು. ಎಷ್ಟು ಅಲುಗಾಡದೆ ಇದ್ದರೆಂದರೆ ಸಣ್ಣ ತಿಲಾಪಿಯಾ ಮರಿಗಳು ಅವರ ಹೊಟ್ಟೆಯ ಕೆಳಗಿನ ನೆರಳಿನಲ್ಲಿ ಬಂದು ನಿಂತಿದ್ದವು. ಹೆದರಿಕೆ ಹೋಯಿತು. ಎರಡನೆಯ ಸಲ ಒಂದು ಮೀನು ತಂದೆ, ಮೂರನೆಯ ಸಲ ಇನ್ನೊಂದು.

ಮಧ್ಯಾಹ್ನದ ಹೊತ್ತಿಗೆ ಏರಿಯ ಮೇಲೆ ನಿಂತು ಪಾಕ್ಚಿಕ್ ‘ಮಕಾನ್! ಮಕಾನ್!’ ಅಂತ ಊಟಕ್ಕೆ ಕರೆದರು. ಆಗಷ್ಟೇ ನಾನು ಮೇಲೆ ಬಂದಿದ್ದೆ. ಕಾವಲಿದ್ದ ಅವರು ತಿರುಗಲಿಲ್ಲ. ಪಾಕ್ಚಿಕ್ ಮತ್ತೆ ಕರೆದರು, ತಟ್ಟೆ ಬಡಿದರು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಗಲಿಲ್ಲ, ರೆಪ್ಪೆ ಹೊಡೆದದ್ದೂ ನನಗೆ ಕಾಣಲಿಲ್ಲ. ನಾಲ್ಕು ವರ್ಷ ನನ್ನನ್ನು ‘ಏನ್ರೀ, ಬರ್ರೀ’ ಅಂತಲೇ ಮಾತಾಡಿಸಿದವರು, ಅರ್ಧ ನಿಮಿಷ ಮುಗಿದ ಮೇಲೆ ಹೇಳಿದರು:

‘ಇನ್ನೂ ನಾಕು ಬಿಲ ಅದಾವ. ಉಸಿರು ತಗೋ. ನಾ ಇದ್ದೀನಿ, ಇಳಿ.’